ಒಂದು ಗುಡ್ಡ, ಎರಡು ಕಡಲು: ಹೇಮಾವತಿಯ ದಾರಿ

ಸಕಲೇಶಪುರ ತಾಲ್ಲೂಕಿನಲ್ಲಿ ಬಿಸಿಲೆ ಘಾಟಿಯ ಹಾದಿ ಹಿಡಿದು ಹೋದರೆ ಮಂಕನಹಳ್ಳಿ ಎಂಬ ಊರು ಸಿಗುತ್ತದೆ. ಅಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲಿನ ಗುರುತಿದೆ. ಊರಿನವರು ಅದನ್ನು ಈಗಲೂ 'ರಿಡ್ಜ್' ಎಂದೇ ಕರೆಯುತ್ತಾರೆ. ಆ ಕಲ್ಲಿನ ಒಂದು ಮಗ್ಗುಲಿಗೆ ಬಿದ್ದ ಮಳೆನೀರು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಇನ್ನೊಂದು ಮಗ್ಗುಲಿನ ನೀರು ಹಳ್ಳ ಹೊಳೆ ದಾಟಿ, ಕಾವೇರಿ ಸೇರಿ, ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ನಿಂತು ನೋಡಿದರೆ ದೊಡ್ಡ ಶಿಖರವೇನೂ ಕಾಣುವುದಿಲ್ಲ. ಸುತ್ತ ಕಾಡು, ಹುಲ್ಲು, ಕಾಫಿ ತೋಟ. ಆದರೂ ದಕ್ಷಿಣ ಭಾರತದ ಎರಡು ಬೇರೆಬೇರೆ ನದಿಕಣಿವೆಗಳ ಗಡಿ ಅದು.

ಈ ಗಡಿ ಮಂಕನಹಳ್ಳಿಯ ಒಂದು ಕಲ್ಲಿಗೆ ಮುಗಿಯುವುದಿಲ್ಲ. ತೆಂಕಣದ ಪುಷ್ಪಗಿರಿ, ಕುಮಾರಪರ್ವತದ ಕಡೆಯಿಂದ ಬಿಸಿಲೆ, ಮಂಜರಾಬಾದ್ ಮೇಲೆ ಹಾದು, ಬಡಗಣದ ಚಾರ್ಮಾಡಿ, ಬಲ್ಲಾಳರಾಯನದುರ್ಗದವರೆಗೆ ಘಟ್ಟದ ನೆತ್ತಿಯುದ್ದಕ್ಕೂ ಅದು ಸಾಗುತ್ತದೆ. ಆ ನೆತ್ತಿಯ ಮೂಡಣ ಮಗ್ಗುಲಿನ ಬಹುಪಾಲು ನೀರನ್ನು ಬಾಚಿಕೊಂಡು ಹರಿಯುವ ದೊಡ್ಡ ಹೊಳೆಯೇ ಹೇಮಾವತಿ. ಕಾವೇರಿಯ ಉಪನದಿಗಳಲ್ಲಿ ಬಡಗಣ ತುದಿಯ ಮಲೆಗಳಿಂದ ಇಳಿದು ಬರುವವಳು ಇವಳು. ಉದ್ದ ಸುಮಾರು 245 ಕಿಲೋಮೀಟರ್. ಜಲಾನಯನ ಪ್ರದೇಶ ಸುಮಾರು 5,410 ಚದರ ಕಿಲೋಮೀಟರ್.

ಹೊಳೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಬಲ್ಲಾಳರಾಯನದುರ್ಗದ ಆಸುಪಾಸಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,219 ಮೀಟರ್ ಎತ್ತರದಲ್ಲಿ. ಅಲ್ಲೊಂದು ಗಣಪತಿ ಗುಡಿ, ಗುಡಿಯ ಬಳಿ ಸಣ್ಣ ಕೊಳ. ಯಾತ್ರಿಕರು ಆ ಕೊಳದ ನೀರನ್ನು ತಲೆಗೆ ಚಿಮುಕಿಸಿಕೊಂಡು ಹೇಮಾವತಿಯ ಮೂಲ ನೋಡಿದೆವೆಂದು ಮರಳುತ್ತಾರೆ. ಭಕ್ತಿಗೆ ಅಷ್ಟು ಸಾಕು. ಭೂಗೋಳದ ಲೆಕ್ಕದಲ್ಲಿ ಮಾತ್ರ ಹೊಳೆಗೆ ಒಂದು ಹುಟ್ಟೂರು ಎಂಬುದಿಲ್ಲ. ಸುತ್ತಲಿನ ಪ್ರತಿ ಕೊಲ್ಲಿ, ಪ್ರತಿ ಒರತೆ, ಹುಲ್ಲುಗುಡ್ಡದ ಮಡಿಲಲ್ಲಿ ಅಡಗಿದ ಪ್ರತಿ ಶೋಲಾ ಕಾಡು ಅದರ ಮೂಲವೇ.

ಬಲ್ಲಾಳರಾಯನದುರ್ಗದ ಗುಡ್ಡಸಾಲನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮೇಲೆ ಹೊಯ್ಸಳರ ಕಾಲದ್ದೆನ್ನುವ ಕೋಟೆಯ ಪಾಳುಗೋಡೆ. ಪಡುವಣಕ್ಕೆ ನಡೆದರೆ ನೆಲ ಥಟ್ಟನೆ ಕಡಿದು ಬೀಳುತ್ತದೆ. ಬಂಡಾಜೆ ಅರ್ಬಿ ಅಲ್ಲಿಂದಲೇ ಪ್ರಪಾತಕ್ಕೆ ಧುಮುಕಿ ಬೆಳ್ತಂಗಡಿ ಸೀಮೆಗಿಳಿದು ನೇತ್ರಾವತಿಯ ಪಾಲಾಗುತ್ತದೆ. ಮೂಡಣ ಇಳಿಜಾರಿನ ನೀರು ಹೇಮಾವತಿಗೆ ಬರುತ್ತದೆ. ಇನ್ನೂ ಬಡಗಣಕ್ಕೆ, ಕುದುರೆಮುಖದ ಕಡೆ, ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೃಷ್ಣಾ ಕಣಿವೆಯವರು. ಒಂದು ಮೋಡ ಸ್ವಲ್ಪ ಅತ್ತಿತ್ತ ಸರಿದು ಸುರಿದರೆ ಅದರ ನೀರು ಮಂಗಳೂರಿಗೋ, ಪೂಂಪುಹಾರಿಗೋ, ಆಂಧ್ರದ ಕೃಷ್ಣಾ ಮುಖಜಭೂಮಿಗೋ ಹೋಗಬಹುದು. ಇಂಥ ಜಾಗ ನಾಡಿನಲ್ಲಿ ಹೆಚ್ಚಿಲ್ಲ.

ಜಾವಳಿಯಿಂದ ಮಂಗಳೂರಿನ ಕಡಲಿಗೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್. ಅಷ್ಟು ಹತ್ತಿರದ ಕಡಲಿಗೆ ಬೆನ್ನು ಹಾಕಿ ಹೇಮಾವತಿಯ ನೀರು 800 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಮೂಡಣ ಕಡಲು ಮುಟ್ಟುತ್ತದೆ. ಏಕೆ ಹೀಗೆ? ಉತ್ತರ ಈ ನೆಲದ ಓರೆಯಲ್ಲಿದೆ. ಒಂದು ಕಾಲಕ್ಕೆ ಭಾರತವೂ ಮಡಗಾಸ್ಕರೂ ಒಂದೇ ಭೂಖಂಡದ ಭಾಗವಾಗಿದ್ದವು. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಅವು ಬೇರ್ಪಟ್ಟವು. ಆ ಸೀಳಿನ ಅಂಚು ಮೇಲೆದ್ದು, ಸವೆದು, ಹಿಂದೆ ಸರಿದು ಇಂದಿನ ಪಶ್ಚಿಮ ಘಟ್ಟವಾಯಿತು ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಪಡುವಣ ಅಂಚು ಎತ್ತರವಾಗಿ ಉಳಿಯಿತು, ಮೈಸೂರು ಪ್ರಸ್ಥಭೂಮಿ ಮೂಡಣಕ್ಕೆ ಓರೆಯಾಯಿತು. ಹೇಮಾವತಿ ಆ ಓರೆಯನ್ನು ಅನುಸರಿಸಿ ಹರಿಯುತ್ತಾಳೆ.

ಎರಡು ಮಗ್ಗುಲಿನ ಹೊಳೆಗಳ ಗುಣ ಅಜಗಜಾಂತರ. ಹೇಮಾವತಿ ಹುಟ್ಟಿದಲ್ಲಿಂದ ಕೃಷ್ಣರಾಜಸಾಗರದ ನೀರು ಸೇರುವವರೆಗೆ 245 ಕಿಲೋಮೀಟರ್ ದಾರಿಯಲ್ಲಿ ಇಳಿಯುವುದು ಐನೂರು ಮೀಟರಿಗೂ ಕಡಿಮೆ. ಘಟ್ಟದ ಆಚೆ ಹಳ್ಳಗಳು ಕೆಲವೇ ಕಿಲೋಮೀಟರಿನಲ್ಲಿ ಅಷ್ಟು ಎತ್ತರವನ್ನು ಕಳೆದುಕೊಳ್ಳುತ್ತವೆ. ಹಾಗಾಗಿ ಮೂಡಣದ ಹೊಳೆ ಬಳುಕಿ, ಗದ್ದೆಬಯಲು ಬಳಸಿ, ಮಣ್ಣು ಹಾಸುತ್ತ ಸಾಗುತ್ತದೆ. ಪಡುವಣದ್ದು ಕಲ್ಲು ಉರುಳಿಸುತ್ತ, ಗುಡ್ಡ ಕೊರೆಯುತ್ತ ಇಳಿಯುತ್ತದೆ.

ಜಾವಳಿಯಿಂದ ಹೊರಟ ಹೊಳೆ ಬಣಕಲ್ ಕಡೆ ಬರುವ ಹೊತ್ತಿಗೆ ಆಷಾಢದಲ್ಲಿ ಕಾಲಿಡಲಾಗದಷ್ಟು ತುಂಬಿರುತ್ತದೆ. ಜಪಾವತಿಯಂಥ ಸಣ್ಣ ಹೊಳೆಗಳೂ ಮೂಡಿಗೆರೆ ಸೀಮೆಯ ನೀರನ್ನು ಹೊತ್ತು ತರುತ್ತವೆ. ಇಲ್ಲಿಂದ ಸಕಲೇಶಪುರದವರೆಗಿನ ದಾರಿ ಬಹುಪಾಲು ಕಾಫಿ, ಏಲಕ್ಕಿ, ಮೆಣಸಿನ ನಾಡು. ತೋಟದ ಎತ್ತರದಲ್ಲಿ ಕಾಫಿ, ಕೆಳಗಿನ ಕಣಿವೆಯಲ್ಲಿ ಗದ್ದೆ, ಗದ್ದೆಯ ಅಂಚಿನಲ್ಲಿ ಹಳ್ಳ: ಮಲೆನಾಡಿನ ಹಳೆಯ ಜಮೀನಿನ ಏರ್ಪಾಟು ಇದು. ಮಳೆಗಾಲದಲ್ಲಿ ಆ ಗದ್ದೆಗಳಲ್ಲಿ ನಿಂತ ನೀರು ನಿಧಾನವಾಗಿ ಇಂಗಿ ಹಳ್ಳಕ್ಕೆ ಬರುತ್ತಿತ್ತು. ಕೂಲಿ ಸಿಗದೆ, ಆನೆ ಕಾಟ ತಾಳದೆ, ಬೆಲೆ ಗಿಟ್ಟದೆ ಎಷ್ಟೋ ಕಡೆ ಗದ್ದೆಗಳು ಪಾಳುಬಿದ್ದಿವೆ, ಇಲ್ಲವೇ ತೋಟ, ಸೈಟುಗಳಾಗಿವೆ. ಭತ್ತ ಹೋದದ್ದಷ್ಟೇ ಜನರ ಕಣ್ಣಿಗೆ ಬಿದ್ದಿದೆ. ಅದರ ಜೊತೆಗೆ ಹೊಳೆಯ ಬೇಸಿಗೆ ಬುತ್ತಿಯೂ ಹೋಗಿದೆ.

ಈ ಬುತ್ತಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಬೀಳುವ ಕಡೆಗಳಿವೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಎಂಟು ತಿಂಗಳು ಹೊಳೆ ಹರಿಯುವುದಾದರೂ ಎಲ್ಲಿಂದ? ಇಲ್ಲಿ ತಳದಲ್ಲಿರುವುದು ಬಲು ಹಳೆಯ ಗಟ್ಟಿಬಂಡೆ. ಅದರ ಮೇಲಿನ ಪದರ ಲಕ್ಷಾಂತರ ವರ್ಷ ಮಳೆಗೆ ಕೊಳೆತು ದಪ್ಪ ಮಣ್ಣಾಗಿದೆ. ಕಾಡಿನ ತರಗೆಲೆ, ಬೇರು, ಎರೆಹುಳದ ಬಿಲಗಳು ಇರುವಲ್ಲಿ ಮಳೆ ಆ ಮಣ್ಣಿಗೆ ಇಂಗುತ್ತದೆ. ತಳದ ಬಂಡೆ ಅದನ್ನು ಇನ್ನೂ ಆಳಕ್ಕೆ ಬಿಡುವುದಿಲ್ಲ. ನೀರು ಬಂಡೆಯ ಮೇಲೆ ಓರೆಯಾಗಿ ಜಿನುಗಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಪುಷ್ಯ, ಆಶ್ಲೇಷ ಮಳೆಗಳಲ್ಲಿ ಬಿದ್ದ ನೀರನ್ನು ಹೊಳೆ ಶಿವರಾತ್ರಿಯವರೆಗೆ ಉಣ್ಣುವುದು ಹೀಗೆ. ಅದೇ ಗುಡ್ಡವನ್ನು ಜೆಸಿಬಿಯಿಂದ ಕಡಿದು ರಸ್ತೆ ಮಾಡಿದರೆ, ಮೇಲ್ಮಣ್ಣು ತೆಗೆದು ಕಟ್ಟಡ ಎಬ್ಬಿಸಿದರೆ, ನೀರು ಇಂಗದೆ ಕೆಂಪಗೆ ಹರಿದು ಅಂದೇ ಹೊಳೆ ಸೇರುತ್ತದೆ. ಮಳೆಗಾಲಕ್ಕೆ ನೆರೆ, ಬೇಸಿಗೆಗೆ ಮರಳು. ಇವೆರಡೂ ಒಂದೇ ಕಾರಣದ ಫಲ.

ಸಕಲೇಶಪುರ ಪೇಟೆಗೆ ಬಂದಾಗ ಹೇಮಾವತಿ ಮೊದಲ ಸಲ ಒಂದು ದೊಡ್ಡ ಊರನ್ನು ಕಾಣುತ್ತಾಳೆ. ದಡದಲ್ಲಿ ಸಕಲೇಶ್ವರನ ಹಳೆಯ ಗುಡಿ. ಹೊಳೆಯ ಪಾತ್ರಕ್ಕೆ ಇನ್ನೂ ಹತ್ತಿರದಲ್ಲಿ ಹೊಳೆ ಮಲ್ಲೇಶ್ವರನ ಗುಡಿ. ಜಡಿಮಳೆ ಹಿಡಿದಾಗ ಮಲ್ಲೇಶ್ವರನ ಗುಡಿಗೆ ನೀರು ನುಗ್ಗಿತೆಂಬುದೇ ಪೇಟೆಯವರಿಗೆ ನೆರೆಯ ಅಳತೆ. ಊರಿನಾಚೆ, ಮಂಗಳೂರು ದಾರಿಯಲ್ಲಿ, ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ನಕ್ಷತ್ರದಾಕಾರದಲ್ಲಿ ಎಂಟು ಮೂಲೆ ಚಾಚಿ ನಿಂತಿದೆ. ಕರಾವಳಿಯಿಂದ ಏರಿ ಬರುವ ದಾರಿಯನ್ನು ಕಾಯಲು ಕಟ್ಟಿದ್ದು ಅದು. ನೀರಿನ ಗಡಿ ಇರುವಲ್ಲೇ ಸೈನ್ಯದ ಗಡಿಯೂ ಬಂತು. ಮುಂದೆ ಹೆದ್ದಾರಿಯೂ ರೈಲೂ ಅದೇ ಕಣಿವೆಯನ್ನು ಹುಡುಕಿಕೊಂಡು ಬಂದವು.

ರೈಲಿನ ಕತೆ ಘಟ್ಟದ ಪಡುವಣ ಮುಖ ಎಷ್ಟು ಕಡಿದೆಂಬುದನ್ನು ಯಾವ ನಕಾಶೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, 109 ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ದಾಟಿ ಕೆಳಗಿಳಿಯುವ ಹೊತ್ತಿಗೆ ರೈಲು ಸುಮಾರು 800 ಮೀಟರ್ ಇಳಿದಿರುತ್ತದೆ. ಆ 109 ಸೇತುವೆಗಳ ಕೆಳಗಿನ ಹಳ್ಳಗಳೆಲ್ಲ ಘಟ್ಟದ ಪಡುವಣ ನೀರು. 2018ರ ಆಗಸ್ಟ್‌ನಲ್ಲಿ ಈ ಗುಡ್ಡಗಳು ಸಾಲುಸಾಲಾಗಿ ಜರಿದು ವಾರಗಟ್ಟಲೆ ರೈಲು ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಅದೇ ಮಳೆಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಕೂತಿತು.

ಹೆದ್ದಾರಿಯ ಪಕ್ಕ ಹರಿಯುವ ಕೆಂಪುಹೊಳೆಗೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಜಾಗವಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್ 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ವಿವರ ಪ್ರಕಟಿಸಿದಾಗ, ಕೆಂಪುಹೊಳೆಯ ಕಾಡಿನ ಪುಟ್ಟ ಕಪ್ಪೆಯೊಂದಕ್ಕೆ ಆ ಹೊಳೆಯ ಹೆಸರನ್ನೇ ಇಟ್ಟರು. ವಿಜ್ಞಾನಿಗಳ ಪಟ್ಟಿಯಲ್ಲಿ ಅದು ಇಂದಿಗೂ 'ಕೆಂಪುಹೊಳೆಯೆನ್ಸಿಸ್'. 1986ರಲ್ಲಿ ಇನ್ನೊಂದು ಕಪ್ಪೆಗೆ ಘಟ್ಟದ ಬುಡದ ಊರು ಗುಂಡ್ಯದ ಹೆಸರು ಬಂತು. ಹರಿವ ನೀರಿನ ಪಕ್ಕದ ಒದ್ದೆ ತರಗೆಲೆಯಲ್ಲಿ ಬದುಕುವ ಈ ಕಪ್ಪೆಗಳಿಗೆ ಬೇಸಿಗೆಯಲ್ಲೂ ಹಳ್ಳ ಬತ್ತಬಾರದು. ಗುಂಡ್ಯದಲ್ಲಿ ಜಲವಿದ್ಯುತ್ ಯೋಜನೆ ಬೇಡವೆಂದು ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಹೇಳಿದಾಗ, ಇಂಥ ಜೀವಿಗಳೂ ಅದರ ಲೆಕ್ಕದಲ್ಲಿದ್ದವು.

ಗುಂಡ್ಯ ಹೊಳೆಗೆ ನೀರು ತರುವ ಹಳ್ಳಗಳಲ್ಲಿ ಒಂದರ ಹೆಸರು ಈಗ ಕೋಲಾರದ ಮಕ್ಕಳಿಗೂ ಗೊತ್ತು. ಅದೇ ಎತ್ತಿನಹೊಳೆ.

ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಸಕಲೇಶಪುರದ ಪಡುವಣ ಅಂಚಿನ ಈ ನಾಲ್ಕು ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲಕ್ಕೆತ್ತಿ ಕೋಲಾರದ ಕಡೆಯ ಬಯಲುಸೀಮೆಗೆ ಹರಿಸುವುದು ಯೋಜನೆ. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಪರಿಷ್ಕೃತ ಅಂದಾಜು ವೆಚ್ಚ 23,251 ಕೋಟಿ ರೂಪಾಯಿ ದಾಟಿದೆ. ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆಗಳನ್ನು ತುಂಬಿಸಲು ಎಂಬುದು ಸರ್ಕಾರದ ಹಂಚಿಕೆ.

ಭೂಗೋಳದ ಕಣ್ಣಿಂದ ನೋಡಿದರೆ ಇದು ಅಸಾಧಾರಣ ಕೆಲಸ. ಘಟ್ಟದ ನೆತ್ತಿ ಕೋಟ್ಯಂತರ ವರ್ಷಗಳಿಂದ ಅರಬ್ಬಿ ಸಮುದ್ರದ ಪಾಲಿಗೆ ಕೊಟ್ಟ ನೀರನ್ನು ಮೋಟಾರು ಈಚೆಗೆ ಎತ್ತಿ ಹಾಕುತ್ತದೆ. ದೊಡ್ಡನಗರದ ಪಂಪ್‌ಹೌಸಿನಿಂದ ಹರವನಹಳ್ಳಿಯ ತೊಟ್ಟಿಗೆ ಏರಿದ ಮೇಲೆ ನೀರು ತನ್ನ ಪಾಡಿಗೆ ಕಾಲುವೆಯಲ್ಲಿ ಹರಿಯುತ್ತದೆ. ಮೂಲ ಕಾಲುವೆ ಪೂರ್ತಿಯಾಗಿರದ ಕಾರಣ ಆ ವರ್ಷ ನೀರನ್ನು ವೇದಾವತಿಯ ಹಾದಿಯಲ್ಲಿ ವಾಣಿವಿಲಾಸ ಸಾಗರಕ್ಕೆ ಬಿಟ್ಟರು. ವೇದಾವತಿ ತುಂಗಭದ್ರೆಯ ಉಪನದಿ. ನೇತ್ರಾವತಿ ಕಣಿವೆಯ ಮಳೆ ಹೀಗೆ ಕೃಷ್ಣಾ ಕಣಿವೆಗೆ ಹೋಯಿತು.

ನೀರು ನಿಜಕ್ಕೂ ಅಷ್ಟಿದೆಯೇ ಎಂಬುದೇ ಮೊದಲಿನಿಂದ ಇದ್ದ ಜಗಳ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ, ಆ ಹಳ್ಳಗಳ ಜಲಾನಯನದಲ್ಲಿ ವರ್ಷಕ್ಕೆ ಸಿಗುವುದು 9.55 ಟಿಎಂಸಿ ಎಂದು ಅಂದಾಜಿಸಿತು. ಯೋಜನೆಯ ಅಂಕಿಯ ಅರ್ಧಕ್ಕಿಂತಲೂ ಕಡಿಮೆ. ಬಯಲುಸೀಮೆಯ ತಾಯಂದಿರು ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರನ್ನೇ ಕುಡಿಯುವುದು ಸುಳ್ಳಲ್ಲ, ಅವರ ಬೇಡಿಕೆ ನ್ಯಾಯವಾದದ್ದು. ಆದರೆ ನ್ಯಾಯವಾದ ಬೇಡಿಕೆ ಇದ್ದ ಮಾತ್ರಕ್ಕೆ ಹಳ್ಳದಲ್ಲಿ ನೀರು ಹೆಚ್ಚುವುದಿಲ್ಲ. ಇನ್ನು ಕೆಲವು ಮಳೆಗಾಲ ಆ ಎಂಟು ಒಡ್ಡುಗಳ ಮೇಲೆ ಹರಿವ ನೀರನ್ನು ದಿನದಿನವೂ ಅಳೆದು ಜನರ ಮುಂದಿಟ್ಟರೆ ವಾದ ತಾನಾಗಿ ತೀರ್ಮಾನವಾಗುತ್ತದೆ.

ಮತ್ತೆ ಹೇಮಾವತಿಗೆ ಬರೋಣ. ಸಕಲೇಶಪುರ ದಾಟಿದರೆ ನಾಡಿನ ಚಹರೆ ಬೇಗ ಬದಲಾಗುತ್ತದೆ. ಬಾಳ್ಳುಪೇಟೆ, ಬೆಳಗೋಡು, ಆಲೂರು ಸೀಮೆ ಅರೆಮಲೆನಾಡು. ಘಟ್ಟದ ನೆತ್ತಿಯಿಂದ ಮೂಡಣಕ್ಕೆ ಬಂದಷ್ಟೂ ಮಳೆ ಇಳಿಯುತ್ತದೆ. ಪಡುವಣ ಗಾಳಿ ತನ್ನ ತೇವವನ್ನೆಲ್ಲ ಘಟ್ಟ ಏರುವಾಗಲೇ ಸುರಿಸಿ ಬಂದಿರುತ್ತದೆ. ಸಕಲೇಶಪುರದಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಇದ್ದ ಮಳೆ ಹಾಸನಕ್ಕೆ ಹೋಗುವಷ್ಟರಲ್ಲಿ ಅದರ ಅರ್ಧಕ್ಕೂ ಇಳಿದಿರುತ್ತದೆ. ದೂರ 40 ಕಿಲೋಮೀಟರ್ ಮಾತ್ರ. ಕಾಡು ತೆಳ್ಳಗಾಗುತ್ತದೆ, ಗುಡ್ಡ ತಗ್ಗುತ್ತದೆ, ಕಾಫಿಯ ಜೊತೆ ಶುಂಠಿ, ಜೋಳದ ಹೊಲಗಳು ಕಾಣಿಸುತ್ತವೆ. ಬೆಳಗೋಡಿನ ರೈತರು ಒಂದು ಕಣ್ಣು ಮಲೆಯ ಮೋಡದ ಮೇಲೆ, ಇನ್ನೊಂದು ಕಣ್ಣು ಬಯಲಿನ ಬಿಸಿಲ ಮೇಲೆ ಇಟ್ಟೇ ಬೇಸಾಯ ಮಾಡಬೇಕು.

ಫೆಬ್ರವರಿ, ಮಾರ್ಚ್ ತಿಂಗಳು ಇಲ್ಲಿ ಹೊಳೆಗೆ ಕಷ್ಟಕಾಲ. ಕಾಫಿ ಗಿಡಕ್ಕೆ ಹೂವಿನ ಮಳೆ ಬೇಕು. ಅದಾಗಿ ಕೆಲವು ವಾರಕ್ಕೆ ಬ್ಯಾಕಿಂಗ್ ಮಳೆಯೂ ಬೇಕು. ಹೊತ್ತಿಗೆ ಬಾರದಿದ್ದರೆ ಬೆಳೆಗಾರರು ಸ್ಪ್ರಿಂಕ್ಲರ್ ಹೂಡುತ್ತಾರೆ. ಅದರಲ್ಲೂ ರೋಬಸ್ಟಾ ತೋಟಕ್ಕೆ ನೀರು ಕೊಡದೆ ವಿಧಿಯಿಲ್ಲ. ಹಳ್ಳಕ್ಕೆ, ಹೊಳೆಗೆ, ತೋಟದ ಕೆರೆಗೆ ಡೀಸೆಲ್ ಮೋಟಾರು ಇಳಿಯುತ್ತದೆ. ಹೊಳೆ ವರ್ಷದಲ್ಲೇ ಅತಿ ತೆಳ್ಳಗಿರುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಎತ್ತುತ್ತಾರೆ. ಯಾರನ್ನೂ ದೂರುವಂತಿಲ್ಲ, ಅಂದು ಬಿಟ್ಟರೆ ವರ್ಷದ ಫಸಲೇ ಹೋಗುತ್ತದೆ. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲೇ ಹಿಡಿದಿಟ್ಟುಕೊಂಡವರು ಮಾತ್ರ ಹೊಳೆಯ ಮುಖ ನೋಡದೆ ಪಾರಾಗುತ್ತಾರೆ.

ಆಲೂರು ದಾಟಿ ಗೊರೂರಿನ ಕಡೆ ಹೊರಟರೆ ಹರಿವ ಹೊಳೆ ಕಾಣುವುದು ನಿಂತು ಹಿನ್ನೀರು ಶುರುವಾಗುತ್ತದೆ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಡೆ ಹುಟ್ಟಿ, ಬೇಲೂರಿನ ಚೆನ್ನಕೇಶವನ ಊರನ್ನು ಹಾದು ಬರುವ ಯಗಚಿ ಇಲ್ಲಿಯೇ ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತಾಳೆ. ಹೊಯ್ಸಳರ ಬೇಲೂರೂ, ಅವರ ಮೊದಲ ನೆಲೆಯೆನ್ನುವ ಮೂಡಿಗೆರೆ ತಾಲ್ಲೂಕಿನ ಅಂಗಡಿಯೂ ಈ ಜಲಾನಯನದ ಊರುಗಳೇ.

ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ತಿಯಾಯಿತು. ತುಂಬಿದ ಮಟ್ಟ 2,922 ಅಡಿ, ಹಿಡಿಯುವ ನೀರು 37.10 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ಮೈಸೂರು ಸಂಸ್ಥಾನ, ಮದರಾಸು ಪ್ರಾಂತ್ಯಗಳ ನಡುವೆ 1924ರಲ್ಲಿ ಆದ ಕಾವೇರಿ ಒಪ್ಪಂದದ ನೆರಳಿನಲ್ಲೇ ಈ ಅಣೆಕಟ್ಟು ಮೇಲೆದ್ದಿತು. ಹೇಮಾವತಿ, ಕಬಿನಿ, ಹಾರಂಗಿ, ಸುವರ್ಣಾವತಿ ಜಲಾಶಯಗಳ ಬಗ್ಗೆ ತಮಿಳುನಾಡು ತೆಗೆದ ಆಕ್ಷೇಪವೇ ಮುಂದೆ 1990ರಲ್ಲಿ ನ್ಯಾಯಮಂಡಳಿ ರಚನೆಗೆ, 2018ರ ಸುಪ್ರೀಂ ಕೋರ್ಟ್ ತೀರ್ಪಿಗೆ ಬಂದು ಮುಟ್ಟಿದ ವ್ಯಾಜ್ಯದ ಒಂದು ಮುಖ್ಯ ಎಳೆ.

ನೀರಿನಡಿ ಹೋದ ಊರುಗಳ ನೆನಪಿಗೆ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಉಳಿದಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಕಮಾನುಗಳ ಅರ್ಧದವರೆಗೆ ನೀರು, ಬೇಸಿಗೆಯಲ್ಲಿ ಸುತ್ತ ಬಿರುಕುಬಿಟ್ಟ ಕೆಸರು. ಫೋಟೊ ತೆಗೆಯಲು ಜನ ಎರಡೂ ಕಾಲಕ್ಕೂ ಬರುತ್ತಾರೆ. ಚರ್ಚಿನ ಸುತ್ತ ಇದ್ದ ಮನೆಗಳವರ ಪಾಡು ಫೋಟೊದಲ್ಲಿ ಬರುವುದಿಲ್ಲ. ಮುಳುಗಡೆಯಾದವರಿಗೆ ಸಕಲೇಶಪುರ, ಆಲೂರು ಮೊದಲಾದ ತಾಲ್ಲೂಕುಗಳಲ್ಲಿ ಜಮೀನು ಮಂಜೂರು ಮಾಡಿದರು. ಹೇಮಾವತಿ ಜಲಾಶಯ ಯೋಜನೆಯ ಹೆಸರಿನಿಂದ ಇಂದಿಗೂ ಅದನ್ನು 'ಎಚ್‌ಆರ್‌ಪಿ ಜಮೀನು' ಎಂದೇ ಕರೆಯುತ್ತಾರೆ, ಇಂದಿಗೂ ಅದರ ತಕರಾರು ತೀರಿಲ್ಲ. ಕೆಳಗೆ ಹಿನ್ನೀರು, ಮೇಲೆ ಹೊಸ ಜಮೀನು, ನಡುವೆ ಚೂರುಚೂರಾದ ಕಾಡು. ಆಲೂರು–ಸಕಲೇಶಪುರದ ಆನೆಗಳಿಗೆ ತಿರುಗಾಡಲು ಉಳಿದದ್ದು ಕಾಫಿ ತೋಟ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕೆಂದು ಶಿಫಾರಸು ಮಾಡಿತು. ಹಲವನ್ನು ಸಾಗಿಸಿದ್ದೂ ಆಯಿತು. ಮತ್ತೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ, ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತಿದ್ದ ಅರ್ಜುನ ಒಂಟಿಸಲಗದೊಡನೆ ಕಾದಾಡಿ ಸತ್ತಿತು. ಹೊಳೆಯ ಕತೆಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ಕಣಿವೆಯ ತಳದಲ್ಲಿ ಇಷ್ಟು ದೊಡ್ಡ ಜಲಾಶಯ ಬಂದಾಗ ಮನುಷ್ಯರ ದಾರಿಯಷ್ಟೇ ಬದಲಾಗಲಿಲ್ಲ, ಪ್ರಾಣಿಗಳದ್ದೂ ಬದಲಾಯಿತು.

ಗೊರೂರು ಕನ್ನಡಿಗರಿಗೆ ಅಣೆಕಟ್ಟಿಗಿಂತ ಮೊದಲೇ ಗೊತ್ತಿದ್ದ ಊರು. 1904ರಲ್ಲಿ ಅಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಮೊದಲಾದ ಪುಸ್ತಕಗಳಲ್ಲಿ ಹೊಳೆದಂಡೆಯ ಬಾಳನ್ನು ನಾಡಿಗೆಲ್ಲ ಪರಿಚಯಿಸಿದರು. ಅವರು ಕಂಡ ಹೊಳೆ ತನ್ನಿಷ್ಟಕ್ಕೆ ಏರಿ ಇಳಿಯುತ್ತಿತ್ತು. ಈಗ ಗೊರೂರಿನ ಕೆಳಗಿನ ಹರಿವು ಗೇಟು ತೆಗೆಯುವವರ ಕೈಯಲ್ಲಿದೆ.

ಅಣೆಕಟ್ಟಿನಿಂದ ಎಡದಂಡೆ, ಬಲದಂಡೆ, ಬಲದಂಡೆ ಮೇಲ್ಮಟ್ಟದ ಕಾಲುವೆಗಳು ಹೊರಡುತ್ತವೆ. ಎಡದಂಡೆಯ ನೀರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರು ಜಿಲ್ಲೆಗೆ ಹೋಗುತ್ತದೆ. ತುಮಕೂರು ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬಂದು ನಿಲ್ಲುವ ಈ ನೀರನ್ನೇ. ಜಾವಳಿಯ ಗುಡ್ಡಕ್ಕೂ ತುಮಕೂರಿನ ನಲ್ಲಿಗೂ ನಂಟು ಇದೆ ಎಂಬುದು ನಲ್ಲಿ ತಿರುಗಿಸುವ ಎಷ್ಟು ಜನರಿಗೆ ಗೊತ್ತೋ. ಕುಣಿಗಲ್, ಮಾಗಡಿ ಕಡೆಗೆ ನೇರವಾಗಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಕಾಲುವೆಯ ವಿರುದ್ಧ ತುಮಕೂರು ಜಿಲ್ಲೆಯಲ್ಲಿ 2025ರಲ್ಲಿ ದೊಡ್ಡ ಪ್ರತಿಭಟನೆ ನಡೆದದ್ದನ್ನು ನೋಡಿದರೆ, ಹೇಮಾವತಿಯ ನೀರಿಗೆ ಹೊಳೆದಂಡೆಯವರಷ್ಟೇ ಅಲ್ಲದೆ ಹೊಳೆಯನ್ನೇ ಕಾಣದವರೂ ಬಡಿದಾಡುವ ಕಾಲ ಇದು.

ಗೊರೂರಿನ ಕೆಳಗೆ ಹೊಳೆ ತೆಂಕಣಕ್ಕೆ ಹೊರಳಿ ಹೊಳೆನರಸೀಪುರ ಮುಟ್ಟುತ್ತದೆ. ಇಲ್ಲಿಂದ ಮುಂದೆ ಹಳೆಯ ಕಟ್ಟೆಗಳ ನಾಡು. ಶ್ರೀರಾಮದೇವರ ಕಟ್ಟೆ, ಕೃಷ್ಣರಾಜಪೇಟೆ ತಾಲ್ಲೂಕಿನ ಮಂದಗೆರೆ, ಹೇಮಗಿರಿ. ಗೊರೂರಿನ ಅಣೆಕಟ್ಟಿಗೂ ಬಹಳ ಹಿಂದೆ ನಮ್ಮವರು ಹೊಳೆಗೆ ಅಡ್ಡಲಾಗಿ ಕಲ್ಲು ಜೋಡಿಸಿ, ನೀರಿನ ಮಟ್ಟವನ್ನು ತುಸುವೇ ಎತ್ತರಿಸಿ, ನಾಲೆಗೆ ತಿರುಗಿಸಿ ಗದ್ದೆ ಮಾಡಿಕೊಂಡಿದ್ದರು. ಹೆಚ್ಚಾದ ನೀರು ಕಟ್ಟೆಯ ಮೇಲೆ ಹಾಯಾಗಿ ಹರಿದು ಹೋಗುತ್ತಿತ್ತು. ಊರು ಮುಳುಗದೆ, ಹೊಳೆ ನಿಲ್ಲದೆ ಬೇಸಾಯ ನಡೆಸಿದ ಜಾಣತನ ಅದು.

ಅಕ್ಕಿಹೆಬ್ಬಾಳಿನ ಬಳಿ ಕೇಂದ್ರ ಜಲ ಆಯೋಗ ಹೊಳೆಯ ಹರಿವನ್ನು ಅಳೆಯುತ್ತದೆ. ಮುಂದೆ ಸ್ವಲ್ಪವೇ ದೂರದಲ್ಲಿ ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿ ಕಟ್ಟೆಯ, ಹಿನ್ನೀರು. ಅಂಬಿಗರಹಳ್ಳಿ–ಸಂಗಾಪುರದ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಕೂಡುವ ಸಂಗಮದಲ್ಲಿ 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ನಡೆದು ಸಾವಿರಾರು ಜನ ಮುಳುಗು ಹಾಕಿದರು. ಕನ್ನಂಬಾಡಿ ಕಟ್ಟೆ ತುಂಬಿತೇ ಎಂದು ಮಂಡ್ಯದ ರೈತರು ಜುಲೈನಲ್ಲಿ ದಿನಾ ಕೇಳುತ್ತಾರೆ. 124.80 ಅಡಿಯ ಆ ಲೆಕ್ಕಕ್ಕೆ ಕೊಡಗಿನ ಮಳೆಯಷ್ಟೇ ಮೂಡಿಗೆರೆ, ಸಕಲೇಶಪುರದ ಮಳೆಯೂ ಬೇಕು.

ಜುಲೈನಲ್ಲಿ ಸಕಲೇಶಪುರದ ಸೇತುವೆಯ ಮೇಲೆ ಕಾರು ನಿಲ್ಲಿಸಿ ಕೆಂಪು ನೀರಿನ ಫೋಟೊ ತೆಗೆಯುವವರು ಬಹಳ. ಅವರಲ್ಲಿ ಒಂದು ಬೇಡಿಕೆ: ಅದೇ ಸೇತುವೆಗೆ ಮಾರ್ಚ್ ಕೊನೆಯಲ್ಲೊಮ್ಮೆ ಬನ್ನಿ. ಆಗ ಕಲ್ಲುಗಳ ನಡುವೆ ಹರಿಯುವ ನೀರೇ ಈ ಗುಡ್ಡಗಳು ಉಳಿಸಿಕೊಟ್ಟ ನಿಜವಾದ ಪಾಲು. ಗುಡ್ಡದ ನೆತ್ತಿಯಲ್ಲಿ ಹೋಂಸ್ಟೇಗೆ ಜಾಗ ಕೊಳ್ಳುವ ಮುನ್ನ, ಹುಲ್ಲುಗಾವಲಿನ ಮೇಲೆ ಜೀಪು ಹತ್ತಿಸುವ ಮುನ್ನ, ಪಾಳು ಗದ್ದೆಗೆ ಮಣ್ಣು ತುಂಬಿಸುವ ಮುನ್ನ ಆ ನೀರನ್ನು ಕಣ್ಣಾರೆ ನೋಡಿ. ಹಾಸನ, ಮಂಡ್ಯ, ತುಮಕೂರು ಮೂರೂ ಜಿಲ್ಲೆಗಳು ಈ ಹೊಳೆಯನ್ನು ನಂಬಿವೆ.